ಮೂವತ್ತು ದಾಟಿದರೆ ಏನಾಗುತ್ತೆ?

ಲ್ಯಾಬಿನಿಂದ ಫೋನ್ ಬಂದಾಗ ಬೆಳಗಿನ ಒಂಬತ್ತೂವರೆ. “ಸರ್, ಎರಡು ಟ್ಯೂಬಿನ ಮೇಲೂ ಲಕ್ಷ್ಮೀದೇವ ಅಂತಿದೆ. ಇಬ್ಬರೂ ಹೆಂಗಸರು. ಯಾವುದು ಯಾರ ರಕ್ತ?” ಕೇಳಿದ್ದು ಅಲ್ಲಿನ ತಂತ್ರಜ್ಞೆ. ಟ್ಯೂಬಿನ ಲೇಬಲ್ಲಿನಲ್ಲಿ ಬಾರ್‌ಕೋಡೂ ಇರುತ್ತದೆ. ಆದರೆ ಅವತ್ತು ಸ್ಕ್ಯಾನರ್ ಕೈಕೊಟ್ಟಿತ್ತು, ಹಾಗಾದಾಗ ಹೆಸರು ನೋಡಿ ದಾಖಲಿಸುವುದು ಅವರ ರೂಢಿ. ಲಕ್ಷ್ಮೀದೇವ ಎಂಬುದು ಹೆಂಗಸರ ಹೆಸರಲ್ಲವಲ್ಲ ಎಂದು ಅವರಿಗೆ ಅನುಮಾನ ಬಂದದ್ದರಿಂದ ಒಬ್ಬರ ವರದಿ ಇನ್ನೊಬ್ಬರ ಕೈಗೆ ಹೋಗಲಿಲ್ಲ. ಆ ಲೇಬಲ್ ಅಚ್ಚು ಹಾಕುವ ಕೋಡು ನನ್ನ ಹೆಸರಿನಲ್ಲಿತ್ತು.

ಇದಕ್ಕೆ ಮೂರು ವಾರ ಹಿಂದಿನ ಮಾತು. ರೋಗಿಯೇ ಓದಿ ‘ಹೌದು, ನನ್ನದೇ’ ಎನ್ನುವಂತೆ ಲೇಬಲ್ಲಿನಲ್ಲಿ ಹೆಸರು ಕನ್ನಡದಲ್ಲಿ ಬರಬೇಕೆಂದು ಲ್ಯಾಬಿನವರು ಕೇಳಿದ್ದರು. ಕೆಲಸ ನನ್ನ ಪಾಲಿಗೆ ಬಂತು. ಎಐಗೆ ಹೇಳಿದೆ, ಅದು ಫಂಕ್ಷನ್ ಬರೆದುಕೊಟ್ಟಿತು, ಟೆಸ್ಟುಗಳನ್ನೂ ಅದೇ ಬರೆಯಿತು. ಎಲ್ಲ ಹಸಿರು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ರಿವ್ಯೂ ಮಾಡಿದ ಹಿರಿಯ ಸಹೋದ್ಯೋಗಿ ಒಂದೇ ಒಂದು ಪ್ರಶ್ನೆ ಬರೆದಿದ್ದರು: “ಹೆಸರು 30 ಬೈಟ್ ದಾಟಿದರೆ ಏನಾಗುತ್ತೆ?”

ಆ ಪ್ರಶ್ನೆಯನ್ನು ನಾನು ಓದಿದ ರೀತಿಯೇ ಈ ಕಥೆಯ ಮುಖ್ಯ ಭಾಗ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನಮ್ಮ ಊಟದ ಮೇಜಿನಲ್ಲಿ ಎರಡು ಪಕ್ಷಗಳಾಗಿದ್ದವು. ಎಐ ವಿಷಯದಲ್ಲಿ ನನಗೆ ಹಟ ಹೆಚ್ಚಿತ್ತು. ಟೆಸ್ಟ್ ಪಾಸಾದರೆ ಸಾಕು, ಯಾರು ಬರೆದರೇನು ಎನ್ನುವುದು ನನ್ನ ವಾದ. ಎದುರು ಪಕ್ಷದಲ್ಲಿದ್ದ ಆ ಹಿರಿಯ ಸಹೋದ್ಯೋಗಿ ಪೀಟರ್ ನೌರ್ 1985ರಲ್ಲಿ ಬರೆದ ಪ್ರಬಂಧವೊಂದನ್ನು ಆಗಾಗ ನೆನೆಯುತ್ತಿದ್ದರು. ಪ್ರೋಗ್ರಾಮ್ ಎಂದರೆ ಬರೆದಿಟ್ಟ ಪಠ್ಯವಲ್ಲ, ಅದನ್ನು ಕಟ್ಟಿದವರ ತಲೆಯೊಳಗಿನ ತಿಳಿವಳಿಕೆ. ಆ ತಿಳಿವಳಿಕೆ ಇದ್ದವರು ಚದುರಿಹೋದರೆ ಪಠ್ಯ ಉಳಿದರೂ ಪ್ರೋಗ್ರಾಮ್ ಸತ್ತಂತೆ ಎಂಬುದು ಆ ಡೇನಿಶ್ ವಿಜ್ಞಾನಿಯ ನಿಲುವು. ನನಗೆ ಅದು ಹಳೆಯ ಕಾಲದ ಮಾತಾಗಿ ಕೇಳುತ್ತಿತ್ತು.

ಹೀಗಾಗಿ ಅವರ ಪ್ರಶ್ನೆಯನ್ನು ಆ ಜಗಳದ ಮುಂದುವರಿಕೆ ಎಂದುಕೊಂಡೆ. ಅವರು ಕೇಳಿದ್ದು ಹದಿನೆಂಟು ಸಾಲಿನ ಕೋಡಿನ ಬಗ್ಗೆ, ನಾನು ಉತ್ತರಿಸಿದ್ದು ಎಐ ಬಗ್ಗೆ. “ಅದನ್ನು ಹ್ಯಾಂಡಲ್ ಮಾಡಿದೆ, ಟೆಸ್ಟ್ ನೋಡಿ” ಎಂದು ಬರೆದೆ. ನಿಜ ಹೇಳುತ್ತೇನೆ, ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ನಾನು ಓದಿಯೇ ಇರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಊಟದ ಮೇಜಿನಲ್ಲಿ ಸೋತಂತಾಗುತ್ತದೆ ಎಂಬ ಭಯ. ರಿಲೀಸಿನ ದಿನ ಹತ್ತಿರವಿತ್ತು, ಅವರು ನನ್ನ ಮಾತು ನಂಬಿ ಒಪ್ಪಿಗೆ ಕೊಟ್ಟರು.

ಆಗುತ್ತಿದ್ದದ್ದು ಇಷ್ಟು. ಡೇಟಾಬೇಸಿನ ಹಳೆಯ ಟೇಬಲ್ಲಿನಲ್ಲಿ ಹೆಸರಿಗೆ 30 ಬೈಟ್ ಜಾಗ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು. ಅಂದರೆ ಇಂಗ್ಲಿಷಿಗೆ ಮೂವತ್ತು, ಕನ್ನಡಕ್ಕೆ ಹತ್ತು. ಆ ಹತ್ತರಲ್ಲೂ ಸ್ವರಚಿಹ್ನೆಗೆ ಬೇರೆ ಲೆಕ್ಕ, ಒತ್ತು ಮೂಡಿಸುವ ವಿರಾಮಕ್ಕೆ ಬೇರೆ ಲೆಕ್ಕ. ‘ಲಕ್ಷ್ಮೀದೇವಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರಿಗೆ ಹನ್ನೊಂದು ಚಿಹ್ನೆ, 33 ಬೈಟ್. ‘ಲಕ್ಷ್ಮೀದೇವಮ್ಮ’ನಿಗೆ 39. ಎರಡನ್ನೂ ಮೂವತ್ತಕ್ಕೆ ಕತ್ತರಿಸಿದರೆ ಒಬ್ಬರ ಗುಡಿಸು ಹೋಗುತ್ತದೆ, ಇನ್ನೊಬ್ಬರ ‘ಮ್ಮ’ ಹೋಗುತ್ತದೆ, ಉಳಿಯುವುದು ಒಂದೇ ಹೆಸರು. ಫಂಕ್ಷನ್ ಎಲ್ಲೂ ದೂರು ಹೇಳದೆ ಕತ್ತರಿಸುತ್ತಿತ್ತು. ಟೆಸ್ಟಿನಲ್ಲಿದ್ದ ಕನ್ನಡ ಹೆಸರು ಒಂದೇ, ರಮೇಶ. ಹನ್ನೆರಡು ಬೈಟ್.

ಕಾಗುಣಿತ, ಒತ್ತಕ್ಷರ ತಿದ್ದಿ ಬೆಳೆದವನು ನಾನು. ನನ್ನ ತಾಯಿಯ ಹೆಸರು ಪುಟ್ಟಲಕ್ಷ್ಮಮ್ಮ. ಅದೊಂದನ್ನು ಟೈಪ್ ಮಾಡಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಈ ಜ್ಞಾನ ಎಐಗೂ ಇಲ್ಲದ್ದಲ್ಲ. ಆಮೇಲೆ ಒತ್ತಕ್ಷರದ ಹೆಸರುಗಳಲ್ಲಿ ಏನೇನು ಕೆಡಬಹುದೆಂದು ಅದನ್ನೇ ಕೇಳಿದಾಗ ಸರಿಯಾಗಿಯೇ ವಿವರಿಸಿತು. ಕೇಳಬೇಕೆಂದು ಹೊಳೆಯಬೇಕಿದ್ದದ್ದು ನನಗೆ. ಹೊಳೆಯದಿದ್ದಾಗ ಸಹೋದ್ಯೋಗಿಯೊಬ್ಬರು ಬರೆದೇ ಕೊಟ್ಟಿದ್ದರು.

ಇಬ್ಬರನ್ನೂ ವಾಪಸು ಕರೆಸಿ ಮತ್ತೆ ರಕ್ತ ತೆಗೆದರು. ಅವರಲ್ಲಿ ಲಕ್ಷ್ಮೀದೇವಮ್ಮ ವಯಸ್ಸಾದವರು. ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಎರಡು ಬಸ್ ಬದಲಿಸಿ ಬಂದಿದ್ದರಂತೆ. ರಕ್ತ ಕೊಟ್ಟು ಹೋಟೆಲಿನಲ್ಲಿ ಇಡ್ಲಿ ತಿಂದಾಗಿತ್ತು, ಹಾಗಾಗಿ ಫಾಸ್ಟಿಂಗ್ ಪರೀಕ್ಷೆಗೆ ಮಾರನೆಯ ದಿನ ಇನ್ನೊಮ್ಮೆ ಬರಬೇಕಾಯಿತು. ನಾನು ಲ್ಯಾಬಿಗೆ ಹೋಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಮುಖಾಮುಖಿ ಕ್ಷಮೆ ಕೇಳಲಾಗಲಿಲ್ಲ.

ಸಂಜೆ ಆಫೀಸಿಗೆ ಬಂದು ಸಹೋದ್ಯೋಗಿಯ ಮುಂದೆ ಕೂತು, “ನೀವು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ಬರೆದೆ” ಎಂದೆ. ತಾನೂ ಬೆನ್ನುಹತ್ತಿ ಕೇಳಬೇಕಿತ್ತು, ಬಿಟ್ಟುಬಿಟ್ಟೆ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಫೈಲ್ ತೆರೆಸಿದರು.

ಎಲ್ಲಿ ಕತ್ತರಿಸಬೇಕೆಂದು ನಾನು ಶುರುಮಾಡಿದೆ. ಅಕ್ಷರ ಮುರಿಯದ ಹಾಗೆ ಕತ್ತರಿಸುವ ಲೈಬ್ರರಿಗಳಿವೆ. “ಕತ್ತರಿಸೋದೇ ಯಾಕೆ?” ಎಂದರು. ಅಕ್ಷರ ಮುರಿಯದೆ ಕತ್ತರಿಸಿದರೂ ಬೇರೆ ಬೇರೆ ಹೆಸರುಗಳು ಒಂದೇ ಆಗಬಹುದು. ಹೆಸರಿನ ಜಾಗ ಹಿಗ್ಗಿಸಿದೆವು, ಲೇಬಲ್ಲಿನಲ್ಲಿ ಎರಡು ಸಾಲು ಮಾಡಿದೆವು, ಅದಕ್ಕೂ ಮೀರಿದರೆ ಅಚ್ಚು ನಿಂತು ಸಿಬ್ಬಂದಿಗೆ ತಿಳಿಸಬೇಕು ಎಂದು ಬರೆದೆವು. ಸ್ಕ್ಯಾನರ್ ಇಲ್ಲದಾಗಲೂ ನೋಂದಣಿ ಸಂಖ್ಯೆ ಹಾಕದೆ ಬರೀ ಹೆಸರಿನ ಮೇಲೆ ದಾಖಲಿಸಲು ಬಿಡಬಾರದೆಂಬ ತಿದ್ದುಪಡಿಗೆ ಇನ್ನೆರಡು ದಿನ ಹಿಡಿಯಿತು. ಟೈಪಿಂಗ್ ಬಹುಪಾಲು ಎಐಯದೇ. ಪ್ರತಿ ಸಾಲಿಗೂ ಅವರು “ಇದು ಯಾಕೆ?” ಎನ್ನುತ್ತಿದ್ದರು, ನಾನು ಹೇಳಬೇಕಿತ್ತು. ಎರಡು ಕಡೆ ಗೊತ್ತಿಲ್ಲ ಎಂದೆ. ಅಲ್ಲೇ ನಿಲ್ಲಿಸಿ, ಗೊತ್ತಾಗುವ ತನಕ ಇಬ್ಬರೂ ಕೂತು ಓದಿದೆವು.