ಟೇಪಿನ ಇನ್ನೊಂದು ತುದಿ

ಗೆಳೆಯನ ಜತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಒಂದು ಬದು ಜಗಳದ ಸುದ್ದಿಯನ್ನು ಅವನ ಅಪ್ಪನ ಮಾತು ಕೇಳದೇ ಕಳಿಸಿದ್ದೆ. ಕಳೆದ ಭಾನುವಾರ ಪೂರಿಗಾಲಿಗೆ ಬಂದವನು ತಾನೇ ಕರೆದ: 'ಬಾರ್ಲಾ, ಒಂದಾಟ ಆಡವ.'

ಬೆಂಗಳೂರಲ್ಲಿ ಕಲಿತದ್ದಂತೆ, 'ಗ್ರಿಮ್‌ಡಾರ್ಕ್ ಫ್ಯೂಚರ್'. ಬಾಹ್ಯಾಕಾಶದ ಸೇನೆಗಳು ಮೇಜಿನ ಮೇಲೆ ಕಾದಾಡುವ ಆಟ. ಈ ಬಗೆಯದರಲ್ಲಿ ಹೆಸರಾದದ್ದು 1987ರಲ್ಲಿ ಬ್ರಿಟನ್ನಿನಲ್ಲಿ ಬಂದ 'ವಾರ್‌ಹ್ಯಾಮರ್ 40,000'. ಅದರ ಗೊಂಬೆಗಳು ದುಬಾರಿ. ಇದರ ಮೂಲ ನಿಯಮಗಳು ಪುಕ್ಕಟೆ, ಯಾವ ಗೊಂಬೆಯಾದರೂ ನಡೆಯುತ್ತದೆ. ಅವನದು ಬಣ್ಣ ಬಳಿದ ಸೈನಿಕರು, ನನ್ನದು ಸೋಡಾ ಮುಚ್ಚಳ. ಹನಿ ನೀರಾವರಿ ಪೈಪಿನ ತುಂಡುಗಳೇ ಕೋಟೆ.

ಅವನ ಒಂದು ತುಕಡಿ ನಡೆದರೆ ಮುಂದಿನದು ನನ್ನದು. ಸುಮ್ಮನೆ ನಡೆದರೆ 6 ಇಂಚು, ಮೇಲೆ ಬಿದ್ದರೆ 12. ಒಟ್ಟು 4 ಸುತ್ತು. ಕೊನೇ ಸುತ್ತಿನಲ್ಲಿ ಟೇಪು ಇಟ್ಟು 'ಹನ್ನೆರಡೇ, ಮುಟ್ತು' ಅಂದೆ. ಅವನು ಬಗ್ಗಿ ಇನ್ನೊಂದು ತುದಿ ಹಿಡಿದ. ಅರ್ಧ ಇಂಚು ಸಾಲದು.

'ನೀನೊಬ್ನೇ ಅಳ್ತೆ ಮಾಡುದ್ರೆ ಹಿಂಗೇ ಕಣ್ಲಾ' ಅಂದ. ನಗಲಿಲ್ಲ.

ಸೋತೆ. ಮುಚ್ಚಳಗಳನ್ನು ಎತ್ತಿಟ್ಟು, 'ಅಪ್ಪ ಮನೇಲವ್ರಾ?' ಅಂತ ಕೇಳಿದೆ. ಒಳಗೆ ಹೋಗಿ ಅವರ ಮುಂದೆ ಕೂತೆ. ಅವರು ಬದುವಿನ ಮಾತು ಎತ್ತಲಿಲ್ಲ. 'ಉಂಡ್ಯಾ ಮಗಾ?' ಅಂದರು. ಉಂಡ ಮೇಲೆ ನಾನೇ ಕೇಳಿದೆ, ಅವರು ಹೇಳಿದ್ದಷ್ಟನ್ನೂ ಬರೆದುಕೊಂಡೆ.

ಎರಡು ವರ್ಷದ ಹಳೇ ಸುದ್ದಿಗೆ ಪುಟದಲ್ಲಿ ಜಾಗ ಸಿಗುವುದಿಲ್ಲ. ತಪ್ಪು ನನ್ನದು ಅನ್ನುವುದು ಇಲ್ಲಾದರೂ ಇರಲಿ.