ಕುಲುಮೆಯೂರಿನ ಋಣ

ಊರೆಂದ ಮೇಲೆ ಗುಡಿಯ ಗಂಟೆ, ಶಾಲೆಯ ಗಂಟೆ ಇದ್ದೇ ಇರುತ್ತವೆ. ಭದ್ರಾವತಿಯಲ್ಲಿ ಅವೆರಡಕ್ಕೂ ಹಿರಿಯಣ್ಣನಂತೆ ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಬೇಸಿಗೆ ರಜೆಗೆ ಚಿಕ್ಕಪ್ಪನ ಕ್ವಾರ್ಟರ್ಸಿಗೆ ಹೋದರೆ, ಚಿಕ್ಕಮ್ಮ ಗಡಿಯಾರದತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಕೂಗಿಗೆ ಅನ್ನಕ್ಕೆ ಎಸರಿಡುವರು, ಇನ್ನೊಂದಕ್ಕೆ ಚಿಕ್ಕಪ್ಪನ ಸೈಕಲ್ ಬರುವ ಹೊತ್ತಾಯಿತೆಂದು ಬಾಗಿಲು ತೆಗೆದಿಡುವರು. ಸಾಕ್ಷಾತ್ ಕಾಲಪುರುಷನೇ ಅಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿದ್ದ ಅನ್ನಿ.

ಚಿಕ್ಕಪ್ಪನಿಗೆ ಊಟಕ್ಕಿಂತ ಕುಲುಮೆಯ ಕಥೆ ರುಚಿ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಮಲೆನಾಡಿನ ಸೌದೆಯನ್ನೇ ಇದ್ದಿಲಾಗಿಸಿ, ಅದರ ಹೊಗೆಯನ್ನೂ ಬಿಡದೆ ಭಟ್ಟಿಯಿಳಿಸಿ ರಾಸಾಯನಿಕ ತೆಗೆದು, ಕೆಮ್ಮಣ್ಣುಗುಂಡಿಯ ಅದಿರನ್ನು ರೋಪ್‌ವೇಯಲ್ಲಿ ಬೆಟ್ಟದಿಂದ ಇಳಿಸಿ, 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಿದರಂತೆ. ಕರಗಿಸಿದ್ದೇ ತಡ, ಪೇಟೆಯಲ್ಲಿ ಕಬ್ಬಿಣದ ಬೆಲೆ ಇಳಿಯಿತು, ನಷ್ಟ ಬಂತು. ಆಗ ವಿಶ್ವೇಶ್ವರಯ್ಯನವರು ಹೊಣೆ ಹೊತ್ತು, ವರ್ಷಗಟ್ಟಲೆ ಕೂತು ಅದನ್ನು ದಾರಿಗೆ ತಂದರು. ನಷ್ಟವೆಂಬುದು ಈ ಕಾರ್ಖಾನೆಯ ಜಾತಕದಲ್ಲೇ ಇತ್ತು, ತಾಳ್ಮೆಯೂ ಇತ್ತು.

ಇದೇ ಊರಲ್ಲಿ 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಗೂ ಕಬ್ಬಿಣಕ್ಕೊದಗಿದ ಭದ್ರಾ ನದಿಯದೇ ನೀರು. ಮಕ್ಕಳ ನೋಟುಪುಸ್ತಕದ ಹಾಳೆಗೂ ಹೊಲದ ನೇಗಿಲ ಗುಳಕ್ಕೂ ಒಂದೇ ನದಿ ಎಂಬ ಬೆರಗು ನನಗಿನ್ನೂ ಆರಿಲ್ಲ. ಮುಂದೆ ಕಬ್ಬಿಣದ ಕಾರ್ಖಾನೆಯ ಯಂತ್ರಗಳಿಗೆ ವಯಸ್ಸಾಯಿತು, ಬಂಡವಾಳ ಬತ್ತಿತು; 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯಾದ ಸೇಲ್‌ನೊಳಗೆ ಲೀನವಾಯಿತು. ಆಮೇಲೆ ಸ್ವಂತ ಅದಿರಿನ ಗಣಿಯೂ ಕೈಬಿಟ್ಟಿತು. 2015ರ ಸುಮಾರಿಗೆ ಕಾಗದ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಬಂತು. ಕಾರ್ಮಿಕರು ಬೀದಿಗಿಳಿದು ಪಟ್ಟು ಹಿಡಿದ ಮೇಲೆ, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು.

ಮುಚ್ಚಲು ಹೊರಟವರ ಲಾಭ-ನಷ್ಟದ ಪತ್ರದಲ್ಲಿ ಕಾರ್ಖಾನೆ ಉಂಡ ಕಾಡಿನ ಲೆಕ್ಕವಿಲ್ಲ, ಕುಡಿದ ನದಿಯ ಲೆಕ್ಕವಿಲ್ಲ, ಕುಲುಮೆಯ ಬಣ್ಣ ನೋಡಿಯೇ ಅದರ ಹದ ಹೇಳಬಲ್ಲ ಹಿರಿಯ ಕಾರ್ಮಿಕರ ಕಣ್ಣುಗಳ ಲೆಕ್ಕವಂತೂ ಇಲ್ಲವೇ ಇಲ್ಲ. ಗುತ್ತಿಗೆ ಕಾರ್ಮಿಕನಿಗೆ ಕೆಲಸ, ಊರ ಹುಡುಗರಿಗೆ ಆ ಹಿರಿಯರಿಂದಲೇ ತರಬೇತಿ, ಕ್ವಾರ್ಟರ್ಸಿನಲ್ಲಿ ಬದುಕು ಸವೆಸಿದವರಿಗೆ ಸೂರು: ಇವು ದಾನವಲ್ಲ, ಸಲ್ಲಬೇಕಾದ ಬಾಕಿ. ನೂರು ವರ್ಷ ಕೊಟ್ಟ ಊರಿಗೆ ಆ ಬಾಕಿ ತೀರಿಸದೆ ಯಾರೂ ಬಾಗಿಲು ಹಾಕುವಂತಿಲ್ಲ.