ಕೊಯ್ದದ್ದು ಹೊಟ್ಟೆ, ನೊಂದದ್ದು ಭುಜ

ಪಿತ್ತಕೋಶದ ಕಲ್ಲಿಗೋ ಗರ್ಭಕೋಶದ ತೊಂದರೆಗೋ ‘ತೂತಿನ ಆಪರೇಷನ್’ ಮಾಡಿಸಿಕೊಳ್ಳಲು ದಿನ ಗೊತ್ತುಮಾಡಿಕೊಂಡಿರುವ ಸೋದರಿಯರೇ, ಗಾಯದ ವಿಷಯ ನಿಮಗೆ ಎಲ್ಲರೂ ಹೇಳುತ್ತಾರೆ. ಗಾಳಿಯ ವಿಷಯ ಹೇಳುವವರು ಕಡಿಮೆ. ಅದಕ್ಕೇ ಈ ನಾಲ್ಕು ಮಾತು.

ನನ್ನದು ಗುಂಡ್ಲುಪೇಟೆ. ಪಿತ್ತಕೋಶ ತೆಗೆಸಿದ್ದು ಚಾಮರಾಜನಗರದಲ್ಲಿ, ಆಷಾಢದಲ್ಲಿ. ಚಾಮರಾಜೇಶ್ವರನ ತೇರಿಗೆಂದು ಹೊಸ ಮದುಮಕ್ಕಳು ಬಸ್ಸು ತುಂಬಿ ಬರುವ ಕಾಲ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪಟ್ಟಿ ಅಷ್ಟೆ. ನೋಡಲು ಬಂದವರು “ಇಷ್ಟೇನಾ?” ಎಂದು ಹಣ್ಣು ಕೊಟ್ಟು ಹೋದರು. ಮಾರನೆಯ ರಾತ್ರಿ ಎದ್ದು ಕೂತೆ ನೋಡಿ, ಬಲಭುಜದ ತುದಿಗೆ ಯಾರೋ ಗೂಟ ಹೊಡೆದಂತಾಯಿತು. ಉಸಿರೆಳೆದರೆ ಪಕ್ಕೆಯೊಳಗೂ ಚುಚ್ಚುತ್ತದೆ. ಗಂಟೆ ಎರಡು. ಕೆಳಗೆ ಚಾಪೆಯ ಮೇಲೆ ಮಗಳು ನಿದ್ದೆಯಲ್ಲಿದ್ದಾಳೆ. ನಮ್ಮ ತಂದೆ ಹೋದದ್ದು ಎದೆನೋವಿನಲ್ಲಿ. ನನ್ನ ಮನಸ್ಸು ಎಲ್ಲಿಗೆ ಓಡಿತೆಂದು ಬೇರೆ ಹೇಳಬೇಕೇ? ಮಗಳನ್ನು ಎಬ್ಬಿಸಿದೆ, ಅವಳು ನರ್ಸನ್ನು ಕರೆತಂದಳು. ನಾಡಿ, ರಕ್ತದೊತ್ತಡ ನೋಡಿ, ಇ.ಸಿ.ಜಿ.ಯನ್ನೂ ತೆಗೆದ ಮೇಲೆ ಆಕೆ ನಕ್ಕರು: “ಗಾಳಿ ಕಣವ್ವಾ. ಹೊಟ್ಟೆಗೆ ತುಂಬಿದ್ರಲ್ಲ, ಅದು.”

ಹೊಟ್ಟೆಯ ಗಾಳಿಗೂ ಭುಜಕ್ಕೂ ಎತ್ತಣ ಸಂಬಂಧ? ಬೆಳಿಗ್ಗೆ ಡಾಕ್ಟರನ್ನು ಕೇಳಿಯೇ ಬಿಟ್ಟೆ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿದರೆ ಒಳಗೆ ಏನೂ ಕಾಣುವುದಿಲ್ಲವಂತೆ, ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದಕ್ಕೆ ಇಂಗಾಲದ ಡೈ ಆಕ್ಸೈಡ್ ಬಿಟ್ಟು ಹೊಟ್ಟೆಯನ್ನು ಗುಡಾರದ ಹಾಗೆ ಉಬ್ಬಿಸುತ್ತಾರೆ. ಸೋಡಾದಲ್ಲಿ ಗುಳ್ಳೆ ಏಳಿಸುವ ಅನಿಲವೇ ಇದು. ಬೆಂಕಿ ಹತ್ತುವುದಿಲ್ಲ, ರಕ್ತದಲ್ಲಿ ಬೇಗ ಕರಗುತ್ತದೆ ಎಂದು ಇದನ್ನೇ ಆರಿಸಿದ್ದಾರೆ. ಮುಗಿದ ಮೇಲೆ ಹೊರಗೆ ಬಿಡುತ್ತಾರೆ, ಆದರೂ ಸ್ವಲ್ಪ ಉಳಿದುಬಿಡುತ್ತದೆ. ನಾವು ಎದ್ದು ಕೂತಾಗ ಅದು ಮೇಲಕ್ಕೇರಿ, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ, ಭುಜಕ್ಕೆ ಹೋಗುವ ನರಗಳ ನೆರೆಯಿಂದಲೇ. ಮೆದುಳು ವಪೆಯ ದೂರನ್ನು ಭುಜದ ದೂರೆಂದು ತಿಳಿದುಬಿಡುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನ, ಕೆಲವರಿಗೆ ವಾರ.

ಈ ವಿದ್ಯೆ ತೀರ ಹಳೆಯದೇನಲ್ಲ. ಹೀಗೆ ಪಿತ್ತಕೋಶ ತೆಗೆದ ಮೊದಲಿಗರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಮಾಡಿದರು. ನಮ್ಮ ಅಮ್ಮನ ಕಾಲದಲ್ಲಾದರೆ ಪಕ್ಕೆಯ ಕೆಳಗೆ ಉದ್ದಕ್ಕೂ ಕೊಯ್ಯುತ್ತಿದ್ದರು. ಒಂದೆರಡು ದಿನದ ಭುಜನೋವು ಅದಕ್ಕೆ ಎಣೆಯೇ?

ಇಲ್ಲಿ ಒಂದು ಮಾತು ಗಮನಿಸಿ. ಗಾಳಿ ಎರಡು ಬಗೆ. ಡಾಕ್ಟರು ತುಂಬಿದ ಗಾಳಿ ಕರುಳಿನ ಹೊರಗಿರುತ್ತದೆ. ಅದು ರಕ್ತದಲ್ಲಿ ಕರಗಿ ಉಸಿರಿನಲ್ಲೇ ಹೋಗಬೇಕು. ನಮ್ಮತ್ತೆಯವರ ಓಮದ ಕಷಾಯಕ್ಕೆ ಅದು ಜಗ್ಗುವುದಿಲ್ಲ. ಇನ್ನೊಂದು ಕರುಳಿನೊಳಗಿನದು. ಮತ್ತಿನ ಮದ್ದಿಗೂ ನೋವಿನ ಮದ್ದಿಗೂ ಕರುಳು ಮಂಕಾಗಿ ವಾಯು ಕಟ್ಟಿಕೊಂಡು ಹೊಟ್ಟೆ ತಮಟೆಯಾಗುತ್ತದೆ. ಕಷಾಯ ಹಿಡಿಸಿದರೆ ಹಿಡಿಸುವುದು ಇದಕ್ಕೆ.

ಎರಡಕ್ಕೂ ಒಳ್ಳೆಯದೆಂದರೆ ನಡೆಯುವುದು. ವಾರ್ಡಿನ ಆಯಾ ನನ್ನನ್ನು ಬಿಡಲೇ ಇಲ್ಲ. “ಏಳವ್ವಾ, ನಾಕು ಹೆಜ್ಜೆ ಹಾಕು, ಮಲಗಿದ್ರೆ ಎಲ್ಲಾ ಅಲ್ಲೇ ಕೂತ್ಕತದೆ” ಎಂದು ಕೈಹಿಡಿದು ಎಬ್ಬಿಸುತ್ತಿದ್ದಳು. ಹಾಸಿಗೆಯಿಂದ ಬಾಗಿಲು, ಬಾಗಿಲಿಂದ ಕಿಟಕಿ, ಗಂಟೆಗೊಮ್ಮೆ ಇಷ್ಟು ಸಾಕು. ಏಳುವಾಗ ನೆಟ್ಟಗೆ ಏಳದೆ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ. ಭುಜ ತೀರ ಹಿಂಡಿದರೆ ಸ್ವಲ್ಪ ಹೊತ್ತು ಚಪ್ಪಟೆಯಾಗಿ ಮಲಗಿ. ಗಾಳಿ ವಪೆಯಿಂದ ಸರಿದು ಹಗುರಾಗುತ್ತದೆ. ಭುಜಕ್ಕೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು, ಹೊಟ್ಟೆಯ ಗಾಯದ ಮೇಲೆ ಖಂಡಿತ ಬೇಡ. ಕೊಟ್ಟ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿ, ನೋವು ಸಹಿಸಿದವರಿಗೆ ಯಾರೂ ಬಿರುದು ಕೊಡುವುದಿಲ್ಲ. ಕೆಮ್ಮುವಾಗ ಹೊಟ್ಟೆಗೆ ಒಂದು ದಿಂಬು ಒತ್ತಿಕೊಳ್ಳಿ. ತೆರಕಣಾಂಬಿ ದಾರಿಯಲ್ಲಿ ಮನೆಗೆ ಬರುವಾಗ ಪ್ರತಿ ಉಬ್ಬಿಗೂ ನನ್ನ ಕಾಪಾಡಿದ್ದು ಆ ದಿಂಬೇ.

ಡಾಕ್ಟರು ಕುಡಿಯಬಹುದು ಎಂದ ಮೇಲೆ ಒಂದು ಲೋಟ ನೀರಿಗೆ ಅರ್ಧ ಚಮಚ ಜೀರಿಗೆ, ಚಿಟಿಕೆ ಓಮ ಹಾಕಿ ಕುದಿಸಿ, ಸೋಸಿ, ಬೆಚ್ಚಗೆ ಗುಟುಕು ಗುಟುಕಾಗಿ ಕುಡಿಯಿರಿ. ಮೊದಲ ದಿನಗಳಲ್ಲಿ ಗಂಜಿ, ನೀರು ಮಜ್ಜಿಗೆ, ಮೆತ್ತನ್ನ. ಅವರೆಕಾಳು, ಹುರುಳಿ, ಎಲೆಕೋಸು, ಕರಿದದ್ದು ಸದ್ಯಕ್ಕೆ ದೂರವಿರಲಿ. ಸೋಡಾ ಕುಡಿದರೆ ತೇಗು ಬಂದು ವಾಸಿಯಾಗುತ್ತದೆ ಎನ್ನುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಈಗ ನಾಚಿಕೆಯ ಮಾತು. ರೌಂಡ್ಸಿಗೆ ಬಂದ ಡಾಕ್ಟರು ಮಾವನವರು ನಿಂತಿದ್ದಂತೆಯೇ “ಗ್ಯಾಸ್ ಹೋಯಿತೇನಮ್ಮಾ?” ಎಂದರು. ನಾನು ಸೆರಗು ನೋಡುತ್ತಾ ಕೂತೆ. ಪಕ್ಕದ ಹಾಸಿಗೆಯ ಹುಡುಗಿಯಂತೂ ಎರಡು ದಿನ ತಡೆದುಕೊಂಡೇ ಇದ್ದಳು, ವಾರ್ಡಿನ ತುಂಬಾ ಗಂಡಸರು ಬಂದು ಹೋಗುತ್ತಾರೆಂದು. ಹೊಟ್ಟೆ ಬಿಗಿದು ಅಳುವಷ್ಟಾಯಿತು. ಅಮ್ಮಾ, ಅದು ಅಪಮಾನವಲ್ಲ, ಕರುಳು ಎಚ್ಚರಗೊಂಡ ಸುದ್ದಿ! ಆ ಪ್ರಶ್ನೆಗೆ ಉತ್ತರ ಡಾಕ್ಟರಿಗೆ ಬೇಕೇಬೇಕು. ಬಾಯಿ ಬಾರದಿದ್ದರೆ ನರ್ಸಿಗಾದರೂ ಹೇಳಿ.

ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಬರೆಯಬೇಡಿ. ನೋವು ದಿನದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಾ ವಾಯುವೂ ಸರಿಯದಿದ್ದರೆ, ಕಣ್ಣು ಹಳದಿಯಾದರೆ, ಗಾಯದಲ್ಲಿ ಕೀವಾಡಿದರೆ, ಒಂದು ಕಾಲು ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿ, ಬೆವರಿ, ಉಸಿರು ಕಟ್ಟಿದರೆ ಗಂಟೆ ನೋಡದೆ 108ಕ್ಕೆ ಫೋನು ಮಾಡಿಸಿ. ಡಿಸ್ಚಾರ್ಜ್ ಕಾಗದವನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಡದೆ ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿ. ಮೇಲೆ ವಾರ್ಡಿನ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಂಡೇ ಮನೆಗೆ ಹೊರಡಿ.